ಕಾರಿನ ಕ್ಯಾಮೆರಾ ಕಂಡದ್ದು ಕೋರ್ಟಿಗೆ ಮುಟ್ಟಬೇಕಾದರೆ

ಮೊದಲು ಒಂದು ಲೆಕ್ಕ. ಮೂವತ್ತೆರಡು ವರ್ಷದ ಒಬ್ಬ ಕೂಲಿಕಾರ. ತಿಂಗಳ ದುಡಿಮೆ 15,000 ರೂಪಾಯಿ. ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು, ತಾಯಿ. ರಾತ್ರಿ ರಸ್ತೆಯಲ್ಲಿ ವಾಹನ ಬಡಿದು ತೀರಿಕೊಂಡ. ಬಡಿದ ವಾಹನ ಯಾವುದೆಂದು ಗೊತ್ತಾಗಿ, ಅದರ ಚಾಲಕನ ತಪ್ಪು ರುಜುವಾತಾಗಿ, ಅದಕ್ಕೆ ವಿಮೆಯೂ ಇದ್ದರೆ, ಸುಪ್ರೀಂ ಕೋರ್ಟ್ 2009ರ ಸರಳಾ ವರ್ಮಾ ಮತ್ತು 2017ರ ಪ್ರಣಯ್ ಸೇಠಿ ತೀರ್ಪುಗಳಲ್ಲಿ ಹಾಕಿಕೊಟ್ಟ ಸೂತ್ರದಂತೆ ಪರಿಹಾರದ ಲೆಕ್ಕ ನಡೆಯುತ್ತದೆ. ದುಡಿಮೆಗೆ ಮುಂದಿನ ದಿನಗಳ ಹೆಚ್ಚಳವೆಂದು ಶೇ 40 ಕೂಡಿಸಬೇಕು, ಅವನ ಸ್ವಂತ ಖರ್ಚೆಂದು ನಾಲ್ಕನೇ ಒಂದು ಭಾಗ ಕಳೆಯಬೇಕು, ವರ್ಷದ ಮೊತ್ತವನ್ನು ಅವನ ವಯಸ್ಸಿಗೆ ಗೊತ್ತುಮಾಡಿದ 16ರಿಂದ ಗುಣಿಸಬೇಕು. ಬರುವ ಮೊತ್ತ 30,24,000 ರೂಪಾಯಿ. ವಾಹನ ಯಾವುದೆಂದು ಗೊತ್ತಾಗದೇ ಹೋದರೆ ಅದೇ ಮನೆಗೆ ಸಿಗುವುದು 2 ಲಕ್ಷ. 2022ರ ಏಪ್ರಿಲ್ 1ಕ್ಕಿಂತ ಮೊದಲು ಅದೂ 25,000 ಮಾತ್ರ ಇತ್ತು.

ಈ 28 ಲಕ್ಷದ ಅಂತರ ಎಷ್ಟೋ ಸಲ ಹಿಂದಿನಿಂದ ಬರುತ್ತಿದ್ದ ಇನ್ನೊಂದು ಕಾರಿನ ಗಾಜಿಗೆ ಅಂಟಿಸಿದ ಸಣ್ಣ ಕ್ಯಾಮೆರಾದೊಳಗೆ ಕೂತಿರುತ್ತದೆ. ಕೇಂದ್ರ ಹೆದ್ದಾರಿ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ದೇಶದಲ್ಲಿ ಡಿಕ್ಕಿ ಹೊಡೆದು ಪರಾರಿಯಾದ ಅಪಘಾತಗಳು 67,387. ಅವುಗಳಲ್ಲಿ ಸತ್ತವರು 30,486. ನಾನು ಬೈಲಹೊಂಗಲದಲ್ಲಿ ಕೂತು ಅಪಘಾತ ಪರಿಹಾರದ ಅರ್ಜಿಗಳನ್ನು ನಡೆಸುವ ವಕೀಲ. ಕಿತ್ತೂರು, ಸವದತ್ತಿ, ರಾಮದುರ್ಗ ಕಡೆಯ ಮನೆಗಳವರು ಕೈಯಲ್ಲಿ ಎಫ್‌ಐಆರ್ ಪ್ರತಿ ಹಿಡಿದು ಬಂದಾಗ ನಾನು ಮೊದಲು ನೋಡುವುದು ವಾಹನದ ನಂಬರು ಬರೆಯುವ ಜಾಗವನ್ನು. ಅಲ್ಲಿ 'ಅಪರಿಚಿತ ವಾಹನ' ಎಂದಿದ್ದರೆ ಮುಂದಿನ ಮಾತು ಕಷ್ಟ. ಈಚಿನ ವರ್ಷಗಳಲ್ಲಿ ಕಾರಿಗೆ ಡ್ಯಾಶ್‌ಕ್ಯಾಮ್ ಹಾಕಿಸಿಕೊಂಡವರು ಹೆಚ್ಚಿದ್ದಾರೆ, ಕಂಡದ್ದನ್ನು ಹೇಳಲು ಮನಸ್ಸಿರುವವರೂ ಇದ್ದಾರೆ. ಕ್ಯಾಮೆರಾ ಕಂಡದ್ದು ನ್ಯಾಯಾಧೀಶರ ಮೇಜಿಗೆ ಮುಟ್ಟುವ ನಡುವೆ ಕೆಡುವ ಜಾಗಗಳು ಮಾತ್ರ ಬಹಳ. ಆ ಜಾಗಗಳನ್ನು ಕಂಡವನಾಗಿ ಇದನ್ನು ಬರೆಯುತ್ತಿದ್ದೇನೆ.

1. ಬೆನ್ನಟ್ಟಬೇಡಿ, ಬಿದ್ದವರ ಹತ್ತಿರ ನಿಲ್ಲಿ

ಓಡಿ ಹೋಗುತ್ತಿರುವ ಗಾಡಿಯನ್ನು ಕಂಡರೆ ಸಿಟ್ಟು ಬರುವುದು ಸಹಜ. ಆದರೆ ನೀವು ಬೆನ್ನಟ್ಟಿ ಹೋದಿರೆಂದರೆ ಹಿಂದೆ ಬಿದ್ದವರು ಕತ್ತಲೆಯಲ್ಲಿ ಒಬ್ಬರೇ ಉಳಿಯುತ್ತಾರೆ. ನಮ್ಮ ಕಡೆಯ ರಸ್ತೆಗಳಲ್ಲಿ ಊರು ದಾಟಿದರೆ ದೀಪವಿಲ್ಲ. ಬಿದ್ದವರ ಮೇಲೆ ಎರಡನೇ ಗಾಡಿ ಹಾಯ್ದ ಪ್ರಕರಣಗಳ ಕಾಗದಗಳನ್ನು ನಾನು ಓದಿದ್ದೇನೆ. ಆಗ ಯಾವ ಗಾಡಿಯಿಂದ ಸತ್ತರು ಎಂಬ ಪ್ರಶ್ನೆಯೇ ಕೇಸನ್ನು ತಿಂದುಹಾಕುತ್ತದೆ. ನಿಮ್ಮ ಕಾರನ್ನು ಹಿಂದೆ ಅಡ್ಡ ನಿಲ್ಲಿಸಿ ನಾಲ್ಕೂ ಇಂಡಿಕೇಟರ್ ಹಾಕಿ, 108ಕ್ಕೂ 112ಕ್ಕೂ ಫೋನ್ ಮಾಡಿ. ರಾಷ್ಟ್ರೀಯ ಹೆದ್ದಾರಿ 48ರ ಮೇಲಾದರೆ, ಅಂದರೆ ಹಿರೇಬಾಗೇವಾಡಿ, ಎಂ.ಕೆ. ಹುಬ್ಬಳ್ಳಿ, ಕಿತ್ತೂರು ಹಾದಿಯಲ್ಲಾದರೆ 1033 ಕೂಡ ಇದೆ.

112ಕ್ಕೆ ಮಾಡಿದ ಕರೆಗೆ ಇನ್ನೊಂದು ಬೆಲೆಯಿದೆ. ಅದು ಗಂಟೆ ನಿಮಿಷದ ಸಮೇತ ದಾಖಲಾಗುತ್ತದೆ. 'ಈ ಸಾಕ್ಷಿ ಅಲ್ಲಿ ಇರಲೇ ಇಲ್ಲ, ಆಮೇಲೆ ತಯಾರು ಮಾಡಿದ್ದಾರೆ' ಎಂದು ಎದುರು ವಕೀಲರು ಕೇಳುವ ದಿನ ಆ ಕರೆ ನಿಮ್ಮ ಪರವಾಗಿ ನಿಲ್ಲುತ್ತದೆ.

2. ಕಂಡದ್ದನ್ನು ಆಗಲೇ ಗಟ್ಟಿಯಾಗಿ ಹೇಳಿ

ಬಹಳಷ್ಟು ಡ್ಯಾಶ್‌ಕ್ಯಾಮ್‌ಗಳಲ್ಲಿ ಮೈಕ್ ಇರುತ್ತದೆ. ರಾತ್ರಿ ಹೊತ್ತು ಹೆಡ್‌ಲೈಟಿನ ಬೆಳಕಿಗೆ ನಂಬರ್ ಪ್ಲೇಟ್ ಬಿಳಿಯಾಗಿ ಹೊಳೆದು ಅಕ್ಷರವೇ ಕಾಣುವುದಿಲ್ಲ. ಕ್ಯಾಮೆರಾ ಓದಲಾರದ್ದನ್ನು ಒಮ್ಮೊಮ್ಮೆ ಕಣ್ಣು ಓದಿರುತ್ತದೆ. ಆ ಕ್ಷಣದಲ್ಲೇ ನಂಬರು ಬಾಯಿಬಿಟ್ಟು ಹೇಳಿ. ಪೂರ್ತಿ ಕಾಣದಿದ್ದರೆ ಕಂಡಷ್ಟೇ ಹೇಳಿ: ಕೆಎ 24 ಎಂಬುದು, ಕೊನೆಯ ಎರಡು ಅಂಕಿ, ಟಿಪ್ಪರೋ ಟಂಟಮ್ಮೋ ಕ್ರೂಸರೋ, ಬಣ್ಣ, ಹಿಂದಿನ ಯಾವ ದೀಪ ಹತ್ತುತ್ತಿರಲಿಲ್ಲ, ತಾಡಪತ್ರಿ ಯಾವ ಬಣ್ಣದ್ದು, ಹಿಂದೆ ಬರೆಸಿದ ದೇವರ ಹೆಸರು ಯಾವುದು. ಯಾವ ಊರು ದಾಟಿದ್ದೀರಿ, ಕಿಲೋಮೀಟರ್ ಕಲ್ಲಿನ ಮೇಲೆ ಏನಿದೆ, ಗಾಡಿ ಯಾವ ಕಡೆ ಹೋಯಿತು ಎಂಬುದನ್ನೂ ಸೇರಿಸಿ.

ಅರ್ಧ ನಂಬರಿಗೂ ಬೆಲೆಯಿದೆ. ಕೆಎ 24 ಅಂದರೆ ಬೈಲಹೊಂಗಲ ಆರ್‌ಟಿಒ. ಅದರ ಜೊತೆ ಗಾಡಿಯ ಜಾತಿ, ಬಣ್ಣ ಮತ್ತು ಎರಡು ಅಂಕಿ ಸಿಕ್ಕರೆ ಪೊಲೀಸರು ವಾಹನ್ ದಾಖಲೆಯಲ್ಲಿ ಹುಡುಕಬೇಕಾದ ಗಾಡಿಗಳು ಕೆಲವೇ ಉಳಿಯುತ್ತವೆ. ದಿಕ್ಕು ಮತ್ತು ನಿಮಿಷ ಸಿಕ್ಕರೆ ಇನ್ನೂ ದೊಡ್ಡ ಉಪಕಾರ. ಹೆದ್ದಾರಿಯಲ್ಲಿ ಬೆಳಗಾವಿ ಕಡೆ ಹೋದ ಲಾರಿ ಹಿರೇಬಾಗೇವಾಡಿ ಟೋಲ್ ದಾಟಬೇಕು. ಎಷ್ಟು ಹೊತ್ತಿಗೆ ದಾಟಿರಬಹುದು ಎಂಬ ಅಂದಾಜಿದ್ದರೆ ಅಲ್ಲಿನ ಕ್ಯಾಮೆರಾ ಮತ್ತು ಫಾಸ್ಟ್ಯಾಗ್ ದಾಖಲೆಯನ್ನು ಆ ಕೆಲವು ನಿಮಿಷಗಳಷ್ಟೇ ನೋಡಿದರೆ ಸಾಕು. ಪೆಟ್ರೋಲ್ ಬಂಕು, ಢಾಬಾಗಳ ಸಿಸಿಟಿವಿ ತಾನೇ ಅಳಿಸಿಕೊಂಡು ಮತ್ತೆ ಬರೆಯುತ್ತ ಹೋಗುತ್ತದೆ. ನಿಮ್ಮ ಮಾಹಿತಿ ಒಂದು ವಾರ ತಡವಾದರೆ ಉಳಿದ ಕ್ಯಾಮೆರಾಗಳ ಸಾಕ್ಷ್ಯವೂ ಕೈತಪ್ಪಬಹುದು.

3. ಕಾರ್ಡನ್ನು ಅಲ್ಲೇ ತೆಗೆಯಿರಿ

ಡ್ಯಾಶ್‌ಕ್ಯಾಮ್ ಇಟ್ಟುಕೊಂಡವರಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದ ಸಂಗತಿ ಇದು. ಅಪಘಾತವಾದರೆ ಆ ತುಣುಕು ತಾನೇ ಬೀಗ ಹಾಕಿಕೊಳ್ಳುತ್ತದೆ ಎಂದು ಅಂಗಡಿಯವರು ಹೇಳಿರುತ್ತಾರೆ. ನಿಜ, ಆದರೆ ಅದಕ್ಕೆ ನಿಮ್ಮ ಕಾರಿಗೆ ಜೋರು ಪೆಟ್ಟು ಬೀಳಬೇಕು. ಒಳಗಿನ ಜಿ-ಸೆನ್ಸರ್‌ಗೆ ಗೊತ್ತಾಗುವುದು ತನ್ನ ಕಾರಿನ ಅಲುಗಾಟ ಮಾತ್ರ. ಐವತ್ತು ಅಡಿ ಮುಂದೆ ಟಿಪ್ಪರ್ ಸೈಕಲ್ ಮೋಟಾರಿಗೆ ಗುದ್ದಿದ್ದು ಅದಕ್ಕೆ ತಿಳಿಯದು. ಬರೀ ಸಾಕ್ಷಿಯಾದ ನಿಮ್ಮ ಕ್ಯಾಮೆರಾದಲ್ಲಿ ಆ ತುಣುಕು ಬೇರೆ ಎಲ್ಲ ತುಣುಕುಗಳಂತೆ ಸಾಮಾನ್ಯ ಫೈಲು. ಒಂದು, ಮೂರು ಅಥವಾ ಐದು ನಿಮಿಷದ ತುಣುಕುಗಳಾಗಿ ಕಾರ್ಡ್ ತುಂಬುತ್ತ ಹೋಗಿ, ತುಂಬಿದ ಮೇಲೆ ಹಳೆಯದನ್ನು ಅಳಿಸಿ ಹೊಸದನ್ನು ಬರೆಯುತ್ತದೆ. ಸಣ್ಣ ಕಾರ್ಡಾದರೆ ಅದೇ ರಾತ್ರಿ ಹುಬ್ಬಳ್ಳಿಗೆ ಹೋಗಿ ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ.

ಆದ್ದರಿಂದ ಕ್ಯಾಮೆರಾದ ಮೇಲಿನ ಲಾಕ್ ಗುಂಡಿ ಒತ್ತಿ. ಆಮೇಲೆ ಆಂಬುಲೆನ್ಸ್ ಬಂದು ಹೋದ ಮೇಲೆ ಕ್ಯಾಮೆರಾ ಬಂದ್ ಮಾಡಿ ಕಾರ್ಡ್ ತೆಗೆದು ಜೇಬಿಗೆ ಹಾಕಿಕೊಳ್ಳಿ. ರೆಕಾರ್ಡಿಂಗ್ ನಡೆದಿರುವಾಗಲೇ ಕಾರ್ಡ್ ಎಳೆದರೆ ಕೊನೆಯ ಫೈಲು ಕೆಡುತ್ತದೆ. ಕಾರಿನಲ್ಲಿ ಖಾಲಿ ಕಾರ್ಡೊಂದು ಯಾವಾಗಲೂ ಇರಲಿ.

4. ಗಡಿಯಾರ ತಪ್ಪಿದ್ದರೆ ತಿದ್ದಬೇಡಿ

ಎಷ್ಟೋ ಕ್ಯಾಮೆರಾಗಳ ದಿನಾಂಕ ತಪ್ಪಿರುತ್ತದೆ. ಒಳಗಿನ ಬ್ಯಾಟರಿ ಸತ್ತರೆ ಕಾರ್ಖಾನೆ ಬಿಟ್ಟ ದಿನದ ದಿನಾಂಕಕ್ಕೆ ಹಿಂದಿರುಗುತ್ತದೆ. ಜಿಪಿಎಸ್ ಇದ್ದೂ ಸಮಯವಲಯ ಹೊಂದಿಸದಿದ್ದರೆ ಐದೂವರೆ ಗಂಟೆ ಹಿಂದಿರುತ್ತದೆ. ಅಪಘಾತವಾದ ಮೇಲೆ ಅದನ್ನು ಸರಿಮಾಡಿದಿರೆಂದರೆ ಅದೊಂದೇ ಕಾರಣಕ್ಕೆ ಇಡೀ ವಿಡಿಯೊ ಅನುಮಾನಕ್ಕೆ ಬೀಳುತ್ತದೆ. ಕ್ಯಾಮೆರಾದ ಪರದೆ ಮತ್ತು ನಿಮ್ಮ ಮೊಬೈಲಿನ ಸಮಯ ಎರಡೂ ಕಾಣುವಂತೆ ಇನ್ನೊಂದು ಮೊಬೈಲಿನಿಂದ ಒಂದು ಫೋಟೊ ತೆಗೆದಿಡಿ. ಎಷ್ಟು ವ್ಯತ್ಯಾಸವಿದೆ ಎಂಬುದನ್ನು ಹೇಳಿಕೆಯಲ್ಲಿ ಬರೆಸಿ. ತಪ್ಪು ಗಡಿಯಾರವನ್ನು ಕೋರ್ಟ್ ಒಪ್ಪಿಕೊಳ್ಳುತ್ತದೆ, ತಿದ್ದಿದ ಗಡಿಯಾರಕ್ಕೆ ಉತ್ತರ ಹೇಳುವುದು ಕಷ್ಟ.

5. ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಲೇಬೇಡಿ

ಇದರ ಬಗ್ಗೆ ನನಗೆ ಬಹಳ ನೋವಿದೆ. ಒಳ್ಳೆಯ ಮನಸ್ಸಿನಿಂದಲೇ ಜನ ಹಾಕುತ್ತಾರೆ, ಯಾರಾದರೂ ಗುರುತು ಹಿಡಿಯಲಿ ಎಂದು. ಆಗುವುದು ಬೇರೆ. ಮೊದಲು ಗುರುತು ಹಿಡಿಯುವವನು ಗಾಡಿಯ ಮಾಲೀಕ. ಬೆಳಗಾಗುವಷ್ಟರಲ್ಲಿ ಬಂಪರ್ ಬದಲಾಗಿರುತ್ತದೆ, ಒಡೆದ ಹೆಡ್‌ಲೈಟ್ ಹೊಸದಾಗಿರುತ್ತದೆ, ಇಲ್ಲವೇ ಗಾಡಿ ಗಡಿ ದಾಟಿ ಕೊಲ್ಹಾಪುರ, ಸಾಂಗಲಿ ಕಡೆ ಸೇರಿರುತ್ತದೆ. ಸ್ಥಳದಲ್ಲಿ ಬಿದ್ದ ಗಾಜಿನ ಚೂರಿಗೂ ಗಾಡಿಯ ಒಡೆದ ದೀಪಕ್ಕೂ ತಾಳೆ ನೋಡುವ ಅವಕಾಶ ಕೈಬಿಟ್ಟು ಹೋಗುತ್ತದೆ.

ಎರಡನೆಯದು, ವಾಟ್ಸ್‌ಆ್ಯಪ್ ವಿಡಿಯೊವನ್ನು ಕುಗ್ಗಿಸುತ್ತದೆ. ಮೂಲದಲ್ಲಿ ಹಿಗ್ಗಿಸಿ ನೋಡಿದರೆ ಓದಬಹುದಾಗಿದ್ದ ನಂಬರು ಕುಗ್ಗಿದ ಪ್ರತಿಯಲ್ಲಿ ಮಸುಕಾಗಿರುತ್ತದೆ. ಫೈಲಿನೊಳಗಿನ ಮಾಹಿತಿಯೂ ಅಳಿಯುತ್ತದೆ. ಮೂರನೆಯದನ್ನು ಜನ ನೆನೆಯುವುದೇ ಇಲ್ಲ. ರಸ್ತೆಯ ಮೇಲೆ ಬಿದ್ದವನ ತಾಯಿ ಅದನ್ನು ನೋಡುತ್ತಾಳೆ. ಮುರಗೋಡ ಕಡೆಯ ಒಬ್ಬ ತಾಯಿಗೆ ಮಗ ಸತ್ತ ಸುದ್ದಿ ಮುಟ್ಟಿದ್ದೇ ಹಾಗೆ. ವಿಡಿಯೊ ಠಾಣೆಗೆ ಕೊಡಿ, ಇನ್ನಾರಿಗೂ ಬೇಡ.

6. ಹದ್ದು ಯಾರದು ಎಂಬ ಚಿಂತೆ ನಿಮ್ಮದಲ್ಲ

ನಮ್ಮ ನಾಲ್ಕು ತಾಲೂಕುಗಳಲ್ಲಿ ಠಾಣೆಗಳ ಹದ್ದುಗಳು ಹೆಣೆದುಕೊಂಡಿವೆ. ಬೈಲಹೊಂಗಲ, ನೇಸರಗಿ, ದೊಡವಾಡ, ಮುರಗೋಡ, ಕಿತ್ತೂರು, ಸವದತ್ತಿ, ಕಟಕೋಳ, ರಾಮದುರ್ಗ, ಇವೆಲ್ಲ ಜಿಲ್ಲಾ ಪೊಲೀಸರ ಕೆಳಗಿದ್ದರೆ ಹಿರೇಬಾಗೇವಾಡಿ ಬೆಳಗಾವಿ ಪೊಲೀಸ್ ಕಮಿಷನರೇಟಿಗೆ ಸೇರಿದ್ದು. 'ಇದು ನಮ್ಮ ಹದ್ದಿನಾಗ ಬರೂದಿಲ್ರಿ, ಆ ಠಾಣೇಕ ಹೋಗ್ರಿ' ಎಂಬ ಮಾತು ಕೇಳಿ ಮನೆಗೆ ಹೋದವರಿದ್ದಾರೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಇದಕ್ಕೆ ಉತ್ತರ. ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು. ಅವರು ಝೀರೊ ಎಫ್‌ಐಆರ್ ಮಾಡಿ ಸಂಬಂಧಪಟ್ಟ ಠಾಣೆಗೆ ಕಳಿಸಬೇಕು. ಇ-ಮೇಲ್‌ನಂಥ ದಾರಿಯಿಂದಲೂ ಮಾಹಿತಿ ಕೊಡಬಹುದು, ಮೂರು ದಿನದೊಳಗೆ ಹೋಗಿ ಸಹಿ ಮಾಡಬೇಕು.

ಸವದತ್ತಿಗೆ ಇದು ಬಹಳ ಮುಖ್ಯ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡಕ್ಕೆ ಬರುವ ಜನಕ್ಕೆ ಲೆಕ್ಕವಿಲ್ಲ. ಚಕ್ಕಡಿ ಕಟ್ಟಿಕೊಂಡು ಬರುವವರು, ರಾತ್ರಿಯಿಡೀ ನಡೆದು ಬರುವವರು, ಮಹಾರಾಷ್ಟ್ರದಿಂದ ಗಾಡಿ ಮಾಡಿಕೊಂಡು ಬರುವವರು. ಗುದ್ದಿದವನೂ ಕಂಡವನೂ ಇಬ್ಬರೂ ಬೆಳಗಾದರೆ ಬೇರೆ ಬೇರೆ ಜಿಲ್ಲೆಯಲ್ಲಿರುತ್ತಾರೆ. ಕಂಡವರು ತಮ್ಮ ಊರಿನ ಠಾಣೆಗೇ ಹೋಗಿ ಕೊಟ್ಟರೂ ನಡೆಯುತ್ತದೆ ಎಂಬುದನ್ನು ಜಾತ್ರೆಯ ದಿನಗಳಲ್ಲಿ ಬೋರ್ಡು ಬರೆದು ಹಾಕಬೇಕೆಂದು ನನ್ನ ಆಸೆ.

ನೀವೇ ಮೊದಲು ದೂರು ಕೊಟ್ಟವರಾದರೆ ಎಫ್‌ಐಆರ್ ಪ್ರತಿಯನ್ನು ಪುಕ್ಕಟೆ ಪಡೆಯುವ ಹಕ್ಕಿದೆ. ತೊಂಬತ್ತು ದಿನದೊಳಗೆ ತನಿಖೆ ಎಲ್ಲಿಗೆ ಬಂತೆಂದು ಪೊಲೀಸರು ನಿಮಗೆ ತಿಳಿಸಬೇಕು. ಗುನ್ನೆ ನಂಬರು ಬರೆದಿಟ್ಟುಕೊಳ್ಳಿ. ಮುಂದೆ ಎಲ್ಲ ಕಡೆ ಕೇಳುವುದು ಅದನ್ನೇ.

7. ಸಹಾಯ ಮಾಡಿದವನನ್ನು ಸತಾಯಿಸುವಂತಿಲ್ಲ

2016ರ ಫೆಬ್ರುವರಿಯಲ್ಲಿ ನೆಲಮಂಗಲದ ಹತ್ತಿರ ಲಾರಿಗೆ ಸಿಕ್ಕು ದೇಹ ಎರಡಾಗಿ ಬಿದ್ದ ಯುವಕ ಹರೀಶ್, ತನ್ನ ಕಣ್ಣುಗಳನ್ನು ದಾನ ಮಾಡಿ ಎಂದು ಕೇಳಿಕೊಂಡು ಪ್ರಾಣ ಬಿಟ್ಟದ್ದು ಕರ್ನಾಟಕ ಮರೆಯಬಾರದ ಸಂಗತಿ. ರಾಜ್ಯ ಸರ್ಕಾರ ಅವರ ಹೆಸರಿನಲ್ಲೇ ಸಾಂತ್ವನ ಯೋಜನೆ ತಂದಿತು. ಅದೇ ವರ್ಷದ ಮಾರ್ಚ್ 30ರಂದು ಸೇವ್‌ಲೈಫ್ ಫೌಂಡೇಶನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಅಪಘಾತದಲ್ಲಿ ನೆರವಾದವರನ್ನು ಕಾಯುವ ಮಾರ್ಗಸೂಚಿಗೆ ಕಾನೂನಿನ ಬಲ ಕೊಟ್ಟಿತು. ನಮ್ಮ ರಾಜ್ಯ ತನ್ನದೇ ಕಾಯ್ದೆ ಮಾಡಿತು, ಅದಕ್ಕೆ 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು. 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯ್ದೆಗೆ 134ಎ ಕಲಂ ಸೇರಿತು, 2020ರ ಸೆಪ್ಟೆಂಬರಿನಲ್ಲಿ ಅದರ ನಿಯಮಗಳು ಬಂದವು.

ಇಷ್ಟೆಲ್ಲದರ ಸಾರ ಹೀಗೆ. ಗಾಯಾಳುವನ್ನು ಆಸ್ಪತ್ರೆಗೆ ಮುಟ್ಟಿಸಿದವರು ಹೆಸರು ವಿಳಾಸ ಹೇಳಲೇಬೇಕೆಂಬ ಬಲವಂತವಿಲ್ಲ. ಆಸ್ಪತ್ರೆಯವರು ನಿಮ್ಮಿಂದ ಹಣ ಕಟ್ಟಿಸಿಕೊಳ್ಳುವಂತಿಲ್ಲ, ತಡೆದು ಕೂರಿಸುವಂತಿಲ್ಲ. ನೀವಾಗಿಯೇ ಸಾಕ್ಷಿಯಾಗಲು ಒಪ್ಪಿದರೆ ನಿಮಗೆ ಅನುಕೂಲವಾದ ಸಮಯಕ್ಕೆ, ನಿಮ್ಮ ಮನೆಯಲ್ಲೋ ಅಂಗಡಿಯಲ್ಲೋ, ಸಮವಸ್ತ್ರವಿಲ್ಲದೆ ಬಂದು ಹೇಳಿಕೆ ಪಡೆಯಬೇಕು. ಠಾಣೆಗೇ ಬರುತ್ತೇನೆಂದರೆ ಒಂದೇ ಸಲಕ್ಕೆ ಮುಗಿಸಬೇಕು. ಇದಲ್ಲದೆ, ಹೆಂಗಸರನ್ನು, ಹದಿನೈದು ದಾಟದ ಹುಡುಗರನ್ನು, ಅರವತ್ತು ದಾಟಿದವರನ್ನು ಸಾಕ್ಷಿ ಹೇಳಿಕೆಗಾಗಿ ಠಾಣೆಗೆ ಕರೆಸುವಂತಿಲ್ಲ. ಕಾರಿನಲ್ಲಿ ನಿಮ್ಮ ಪಕ್ಕ ಕೂತಿದ್ದ ತಾಯಿಯನ್ನು ಮನೆಯಲ್ಲೇ ವಿಚಾರಿಸಬೇಕು.

'ನಾ ಯಾಕ ಠಾಣಿ ಮೆಟ್ಟಲಾ ಹತ್ತಲ್ರಿ ವಕೀಲಸಾಹೇಬ್ರ' ಎಂದು ನನ್ನೆದುರು ಕೂತ ಎಷ್ಟೋ ಜನರಿಗೆ ಈ ನಿಯಮಗಳನ್ನು ಓದಿ ಹೇಳಿದ್ದೇನೆ. ಕೇಳಿದ ಮೇಲೆ ಹೋದವರು ಕಡಿಮೆಯಿಲ್ಲ. ಠಾಣೆಯ ಸಿಬ್ಬಂದಿಯಲ್ಲೂ ಈ ನಿಯಮ ಗೊತ್ತಿದ್ದು ಗೌರವದಿಂದ ಕೂರಿಸಿ ಚಹಾ ಕೊಟ್ಟು ಕಳಿಸುವವರಿದ್ದಾರೆ, ಅದನ್ನೂ ಹೇಳಬೇಕು.

8. ಪೆನ್‌ಡ್ರೈವ್‌ಗಿಂತ ಮೂಲ ಕಾರ್ಡನ್ನೇ ಕೊಡಿ, ಕಾಗದ ಪಡೆಯಿರಿ

ಕೋರ್ಟಿನಲ್ಲಿ ಹೆಚ್ಚು ವಿಡಿಯೊಗಳು ಬಿದ್ದು ಹೋಗುವುದು ಇಲ್ಲಿ. ವಿಡಿಯೊ ಚೆನ್ನಾಗಿರುತ್ತದೆ, ನಂಬರು ಕಾಣುತ್ತದೆ, ಆದರೆ ಅದು ಯಾರೋ ಯಾರಿಗೋ ಕಳಿಸಿದ ಪ್ರತಿಯ ಪ್ರತಿ. ಯಾರ ಕ್ಯಾಮೆರಾ, ಯಾರು ತೆಗೆದರು, ಯಾವ ಕಂಪ್ಯೂಟರಿಗೆ ಹೋಯಿತು ಎಂಬುದಕ್ಕೆ ಕಾಗದವಿಲ್ಲ.

ಮೂಲ ಕಾರ್ಡ್ ಬೆಲೆ ಕೆಲವು ನೂರು ರೂಪಾಯಿ. ಮನೆಯಲ್ಲಿ ನಿಮಗೊಂದು ನಕಲು ಮಾಡಿಟ್ಟುಕೊಂಡು, ಫೈಲಿನ ಹೆಸರನ್ನೂ ಬದಲಿಸದೆ, ತುಂಡರಿಸದೆ, ಕಾರ್ಡನ್ನೇ ತನಿಖಾಧಿಕಾರಿಗೆ ಕೊಡಿ. ಪಂಚರ ಎದುರಿಗೆ ಜಪ್ತಿ ಪಂಚನಾಮೆ ಮಾಡಿ, ಕಾರ್ಡಿನ ಕಂಪನಿ, ಸಾಮರ್ಥ್ಯ, ಅದರ ಮೇಲಿನ ನಂಬರು ಬರೆದು, ಲಕೋಟೆಗೆ ಸೀಲು ಹಾಕಿಸಿ. ಕೊಟ್ಟದ್ದಕ್ಕೆ ಸ್ವೀಕೃತಿ ಬರೆಸಿಕೊಳ್ಳಿ. ಮುದ್ದೆಮಾಲಾಗಿ ಅದು ಕೋರ್ಟಿಗೆ ಬಂದ ದಿನ 'ಇದೇ ನಾನು ಕೊಟ್ಟ ಕಾರ್ಡು' ಎಂದು ನೀವು ಹೇಳಲು ಆ ಬರಹವೇ ಆಧಾರ.

ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಎಲೆಕ್ಟ್ರಾನಿಕ್ ದಾಖಲೆಯ ಜೊತೆ ಪ್ರಮಾಣಪತ್ರ ಬೇಕು. ಅದರ ನಮೂನೆ ಕಾಯ್ದೆಯ ಕೊನೆಯಲ್ಲೇ ಇದೆ. ಎ ಭಾಗವನ್ನು ಸಾಧನ ಯಾರದೋ ಅವರು ತುಂಬಬೇಕು: ಯಾವ ಕಂಪನಿ, ಯಾವ ಮಾದರಿ, ಬಣ್ಣ, ಸೀರಿಯಲ್ ನಂಬರು, ಸಾಧನ ಆಗ ಸರಿಯಾಗಿ ಕೆಲಸ ಮಾಡುತ್ತಿತ್ತು ಎಂಬ ಮಾತು. ಬಿ ಭಾಗ ತಜ್ಞರದು. ಎರಡರಲ್ಲೂ ಫೈಲಿನ ಹ್ಯಾಶ್ ಮೌಲ್ಯ ಬರೆಯಬೇಕು. ಫೈಲಿನ ಒಂದು ಅಕ್ಷರ ಬದಲಾದರೂ ಈ ಉದ್ದನೆಯ ಸಂಖ್ಯೆ ಪೂರ್ತಿ ಬದಲಾಗುತ್ತದೆ. ಕೊಟ್ಟ ದಿನದ ಸಂಖ್ಯೆಯೂ ಕೋರ್ಟಿನಲ್ಲಿ ತೆರೆದ ದಿನದ ಸಂಖ್ಯೆಯೂ ಒಂದೇ ಇದ್ದರೆ ನಡುವೆ ಯಾರೂ ಕೈಯಾಡಿಸಿಲ್ಲವೆಂದು ತಿಳಿಯಬಹುದು. ಹಳೆಯ ಕಾಯ್ದೆಯ 65ಬಿ ಕಲಂ ಕುರಿತು 2020ರ ಜುಲೈ 14ರಂದು ಅರ್ಜುನ್ ಪಂಡಿತರಾವ್ ಖೋತಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಪ್ರತಿಯನ್ನು ಹಾಜರುಪಡಿಸಿದರೆ ಈ ಪ್ರಮಾಣಪತ್ರ ಇರಲೇಬೇಕು, ಮೂಲ ಸಾಧನವನ್ನೇ ಅದರ ಒಡೆಯ ತಂದು ಸಾಕ್ಷಿ ಹೇಳಿದರೆ ಬೇಕಿಲ್ಲ ಎಂದಿತು. ಹೊಸ ಕಾಯ್ದೆ ಬಂದ ಮೇಲೆ ಎರಡನ್ನೂ ಮಾಡಿಡುವುದು ಕ್ಷೇಮ. ಡ್ಯಾಶ್‌ಕ್ಯಾಮ್ ಬಂದ ಡಬ್ಬಿ ಮತ್ತು ಬಿಲ್ಲನ್ನು ಎಸೆಯಬೇಡಿ, ಈ ನಮೂನೆ ತುಂಬುವಾಗ ಬೇಕಾಗುತ್ತವೆ.

9. ಕಂಡದ್ದು ಬೇರೆ, ಊಹಿಸಿದ್ದು ಬೇರೆ

'ನೂರರ ಮ್ಯಾಲ ಬಂದಾನ್ರಿ, ಕುಡದಿದ್ದ' ಎಂದು ಬರೆಸಿದ ಸಾಕ್ಷಿ ಪಾಟೀ ಸವಾಲಿನಲ್ಲಿ ನಿಲ್ಲುವುದಿಲ್ಲ. ನೂರು ಎಂದು ಹೇಗೆ ಗೊತ್ತು, ಕುಡಿದಿದ್ದನ್ನು ಎಲ್ಲಿಂದ ಕಂಡಿರಿ ಎಂದು ಕೇಳಿದರೆ ಉತ್ತರವಿಲ್ಲ. ಅದೊಂದು ಸಡಿಲ ಮಾತಿನಿಂದ ನಿಜವಾಗಿ ಕಂಡ ಹತ್ತು ಸಂಗತಿಗಳೂ ಅಲುಗಾಡುತ್ತವೆ. ನನ್ನನ್ನು ಹಿಂದೆ ಹಾಕಿ ಹೋಯಿತು, ಎಡಕ್ಕೆ ಬಂತು, ಬ್ರೇಕ್ ದೀಪ ಹತ್ತಲಿಲ್ಲ, ನಿಲ್ಲದೆ ಹೋಯಿತು. ಇಷ್ಟು ಸಾಕು. ವೇಗ ಎಷ್ಟೆಂದು ತಜ್ಞರು ವಿಡಿಯೊದ ಚೌಕಟ್ಟುಗಳನ್ನು ಎಣಿಸಿ ತೆಗೆಯಬಲ್ಲರು.

ಮೊದಲ ಗಂಟೆಗಳ ಮಾತು ಎಷ್ಟು ಬೇಗ ಬದಲಾಗುತ್ತದೆ ಎಂಬುದಕ್ಕೆ ನಮ್ಮ ಕಿತ್ತೂರಿನದೇ ಉದಾಹರಣೆಯಿದೆ. 2025ರ ಜನವರಿ 14ರ ನಸುಕಿನಲ್ಲಿ ಅಂಬಡಗಟ್ಟಿ ಹತ್ತಿರ ಸಚಿವೆ ಲಕ್ಷ್ಮಿ ಹೆಬ್ಬಾಳಕರ ಅವರಿದ್ದ ಕಾರು ಮರಕ್ಕೆ ಗುದ್ದಿದಾಗ ನಾಯಿ ಅಡ್ಡ ಬಂತೆಂಬ ಸುದ್ದಿ ಮೊದಲು ಹರಡಿತು. ಆಮೇಲೆ, ಲಾರಿಯೊಂದು ಕಾರಿಗೆ ತಾಗಿ ನಿಲ್ಲದೆ ಹೋಯಿತೆಂಬ ದೂರಿನ ಮೇಲೆ ಕಿತ್ತೂರು ಠಾಣೆಯಲ್ಲಿ ಪ್ರಕರಣ ದಾಖಲಾಯಿತು. ಮಂತ್ರಿಗಳ ಕಾರಿನ ವಿಷಯದಲ್ಲೇ ಹೀಗಾದರೆ, ಕತ್ತಲೆಯಲ್ಲಿ ಸೈಕಲ್ ಮೋಟಾರಿನ ಮೇಲೆ ಒಬ್ಬನೇ ಹೋಗುತ್ತಿದ್ದ ರೈತನ ವಿಷಯದಲ್ಲಿ ಏನಾಯಿತೆಂದು ಹೇಳುವವರು ಯಾರು?

ಕಬ್ಬಿನ ಹಂಗಾಮಿನಲ್ಲಿ ಇನ್ನೊಂದು ಎಚ್ಚರ ಬೇಕು. ಕಾರ್ಖಾನೆಗಳು ಕಬ್ಬು ನುರಿಸುವ ತಿಂಗಳುಗಳಲ್ಲಿ ಎಂ.ಕೆ. ಹುಬ್ಬಳ್ಳಿ ಕಡೆ, ಯರಗಟ್ಟಿ ಕಡೆ, ರಾಮದುರ್ಗ ಕಡೆ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್‌ಗಳ ಸಾಲೇ ಇರುತ್ತದೆ. ಹಿಂದಿನ ಟ್ರೇಲರಿಗೆ ದೀಪವಿರುವುದಿಲ್ಲ, ಕಬ್ಬು ಎರಡೂ ಬದಿಗೆ ಚಾಚಿರುತ್ತದೆ, ಟೇಪ್ ಜೋರಾಗಿ ಹಾಡುತ್ತಿರುತ್ತದೆ. ಎರಡನೇ ಟ್ರೇಲರಿನ ಬಾಲ ತಾಗಿ ಒಬ್ಬ ಬಿದ್ದದ್ದು ಮುಂದೆ ಕೂತ ಚಾಲಕನಿಗೆ ತಿಳಿಯದೇ ಇರಬಹುದು. 'ಗುದ್ದಿ ಓಡಿದ' ಎಂದು ಬರೆಸುವ ಮೊದಲು, ಅವನು ನಿಧಾನಿಸಿದನೇ, ತಿರುಗಿ ನೋಡಿದನೇ, ದೀಪ ಆರಿಸಿದನೇ ಎಂಬುದನ್ನು ವಿಡಿಯೊದಲ್ಲಿ ನೋಡಿ ಕಂಡಷ್ಟೇ ಹೇಳಿ. ಆ ಚಾಲಕನ ಮನೆಯಲ್ಲೂ ಮಕ್ಕಳಿದ್ದಾರೆ. ಪರಿಹಾರಕ್ಕೆ ಗಾಡಿಯ ಗುರುತೂ ತಪ್ಪು ಯಾರದೆಂಬುದೂ ಬೇಕು, ಅವನು ಬೇಕೆಂದೇ ಓಡಿದನೋ ಇಲ್ಲವೋ ಎಂಬುದನ್ನು ಕೋರ್ಟು ನೋಡಿಕೊಳ್ಳಲಿ. ಟ್ರ್ಯಾಕ್ಟರಿಗೂ ಟ್ರೇಲರಿಗೂ ಬೇರೆ ಬೇರೆ ನಂಬರಿರುತ್ತವೆ ಎಂಬುದೂ ನೆನಪಿರಲಿ, ಕಂಡರೆ ಎರಡನ್ನೂ ಬರೆಸಿ.

ತನಿಖೆಯಲ್ಲಿ ಪೊಲೀಸರು ಬರೆದುಕೊಳ್ಳುವ ಸಾಕ್ಷಿ ಹೇಳಿಕೆಗೆ ಸಹಿ ಮಾಡಿಸುವಂತಿಲ್ಲ, ನಾಗರಿಕ ಸುರಕ್ಷಾ ಸಂಹಿತೆಯ 181ನೇ ಕಲಂ ಹಾಗೆಂದು ಹೇಳುತ್ತದೆ. ದೂರಿಗೆ ಸಹಿ ಬೇಕು, ಪಂಚನಾಮೆಗೆ ಸಹಿ ಬೇಕು. ಮೂರರ ನಡುವಿನ ಭೇದ ತಿಳಿದಿದ್ದರೆ ಗಾಬರಿಯಾಗುವುದಿಲ್ಲ. ಬರೆದದ್ದನ್ನು ಓದಿ ಹೇಳಿರೆಂದು ಕೇಳಿ.

10. ಕಾರಿನೊಳಗಿನ ಮಾತು, ನಿಮ್ಮದೇ ವೇಗ

ಸಾಕ್ಷಿಗಳು ಹಿಂದೆ ಸರಿಯುವುದಕ್ಕೆ ಪೊಲೀಸರ ಭಯವೊಂದೇ ಕಾರಣವಲ್ಲ. ವಿಡಿಯೊದಲ್ಲಿ ಗಂಡ ಹೆಂಡತಿ ಜಗಳವಾಡಿದ್ದು ಕೇಳಿಸುತ್ತದೆ, ಯಾರನ್ನೋ ಬೈದದ್ದು ಕೇಳಿಸುತ್ತದೆ, ಮೂಲೆಯಲ್ಲಿ ಸ್ವಂತ ಕಾರಿನ ವೇಗ ಬರೆದಿರುತ್ತದೆ. ಧ್ವನಿ ತೆಗೆದು, ಕತ್ತರಿಸಿ ಕೊಟ್ಟರೆ ಅದು ಮೂಲವಾಗಿ ಉಳಿಯುವುದಿಲ್ಲ. ತನಿಖಾಧಿಕಾರಿಗೆ ಮೊದಲೇ ಹೇಳಿ, ಇದರಲ್ಲಿ ಮನೆಯ ಮಾತಿದೆ ಎಂದು. ಸಂಬಂಧಪಟ್ಟ ಭಾಗವನ್ನಷ್ಟೇ ಕೋರ್ಟಿನಲ್ಲಿ ತೋರಿಸಲು ಕೇಳಿಕೊಳ್ಳಬಹುದು. ನಿಮ್ಮ ವೇಗ ಸ್ವಲ್ಪ ಹೆಚ್ಚಿದ್ದರೆ ಇರಲಿ, ಕೇಳಿದರೆ ಒಪ್ಪಿಕೊಳ್ಳಿ. ಬಿದ್ದವನ ಮನೆಯ ಮುಂದೆ ಅದು ಬಹಳ ಸಣ್ಣದು.

11. ಊರಿನ ಭಯ

ತಾಲೂಕು ಊರುಗಳಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಗುದ್ದಿದ ಗಾಡಿ ನಿಮ್ಮ ಬೀಗರದೋ, ನಿಮ್ಮ ಕಬ್ಬು ಸಾಗಿಸುವ ಗುತ್ತಿಗೆದಾರನದೋ ಆಗಿರಬಹುದು. 'ಆಗಿದ್ದಾತು, ಸತ್ತಾಂವ ತಿರಗಿ ಬರ್ತಾನೇನ್ರಿ ಕಾಕಾ' ಎಂದು ಹಿರಿಯರ ಕೈಯಲ್ಲಿ ಹೇಳಿ ಕಳಿಸುತ್ತಾರೆ. ಅದು ಬೆದರಿಕೆಯಾದಾಗ ಬಾಯಿಮಾತಿನಲ್ಲಿ ಬಿಡಬೇಡಿ, ಬರೆದು ಠಾಣೆಗೆ ಕೊಡಿ. 2018ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದ ಸಾಕ್ಷಿ ಸಂರಕ್ಷಣಾ ಯೋಜನೆಯಂತೆ ಜಿಲ್ಲಾ ನ್ಯಾಯಾಧೀಶರ ನೇತೃತ್ವದ ಸಮಿತಿಗೆ ಅರ್ಜಿ ಹಾಕಬಹುದು. ಗಾಡಿ ಮಾಲೀಕರಿಗೆ ನಾನು ಹೇಳುವ ಇನ್ನೊಂದು ಮಾತಿದೆ. ವಿಮೆ ಸರಿಯಿದ್ದು, ಚಾಲಕನ ಲೈಸೆನ್ಸ್ ಸರಿಯಿದ್ದರೆ ಪರಿಹಾರ ಕೊಡುವುದು ವಿಮಾ ಕಂಪನಿ, ಹೊಲ ಮಾರಬೇಕಿಲ್ಲ. ಇದು ಗೊತ್ತಾದ ಮೇಲೆ ತಾವೇ ಗಾಡಿ ತಂದು ಠಾಣೆಯ ಮುಂದೆ ನಿಲ್ಲಿಸಿದವರಿದ್ದಾರೆ.

ಹತ್ತು ವರ್ಷ ಜೈಲೆಂಬ ಹೆದರಿಕೆಯೂ ಚಾಲಕರಲ್ಲಿ ಉಳಿದಿದೆ. 2024ರ ಜನವರಿಯಲ್ಲಿ ಲಾರಿ ಚಾಲಕರು ದೇಶದಾದ್ಯಂತ ಮುಷ್ಕರ ಮಾಡಿದ್ದು ಭಾರತೀಯ ನ್ಯಾಯ ಸಂಹಿತೆಯ 106(2) ಕಲಮಿನ ವಿರುದ್ಧ. ಉಳಿದ ಸಂಹಿತೆ ಜುಲೈ 1ರಂದು ಜಾರಿಗೆ ಬಂದಾಗ ಆ ಉಪಕಲಮನ್ನು ಮಾತ್ರ ತಡೆಹಿಡಿಯಲಾಯಿತು. ನಿರ್ಲಕ್ಷ್ಯದಿಂದಾದ ಸಾವಿಗೆ 106(1)ರಂತೆ ಐದು ವರ್ಷದವರೆಗೆ ಶಿಕ್ಷೆಯಿದೆ.

12. ಸಮನ್ಸ್ ಬಂದ ದಿನ

ವರ್ಷಗಳಾದ ಮೇಲೆ ಬರುತ್ತದೆ. ಮೊಬೈಲ್ ನಂಬರು, ವಿಳಾಸ ಬದಲಾಗಿದ್ದರೆ ಠಾಣೆಗೆ ತಿಳಿಸಿರಿ. ಹೋಗುವ ಮೊದಲು ಮನೆಯಲ್ಲಿಟ್ಟ ನಕಲನ್ನು ಒಮ್ಮೆ ನೋಡಿ. ನೆನಪಿಲ್ಲದ್ದಕ್ಕೆ ನೆನಪಿಲ್ಲ ಎನ್ನಿ. ಹಾಜರಾದ ದಿನದ ಖರ್ಚಿಗೆ ಸಾಕ್ಷಿ ಭತ್ತೆ ಕೇಳಬಹುದು.

13. ಗಾಡಿ ಸಿಗದೇ ಹೋದರೂ

ಎಷ್ಟು ಹುಡುಕಿದರೂ ಕೆಲವು ಸಲ ಸಿಗುವುದಿಲ್ಲ. ಆಗ ಉಳಿಯುವುದು ಮೋಟಾರು ವಾಹನ ಕಾಯ್ದೆಯ 161ನೇ ಕಲಂ ಮತ್ತು 2022ರ ಪರಿಹಾರ ಯೋಜನೆ: ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000. ಅದೂ ಜನರಿಗೆ ಮುಟ್ಟುತ್ತಿಲ್ಲ. 2024ರ ಜನವರಿ 12ರಂದು ಎಸ್. ರಾಜಸೀಕರನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದ ಲೆಕ್ಕದಂತೆ ಐದು ವರ್ಷಗಳಲ್ಲಿ ಇಡೀ ದೇಶದಲ್ಲಿ ಪರಿಹಾರ ಪಡೆದದ್ದು 660 ಸಾವು ಮತ್ತು 113 ಗಾಯದ ಪ್ರಕರಣಗಳು. ಒಂದೇ ವರ್ಷ 30,000 ಮೀರಿ ಜನ ಸಾಯುವ ದೇಶದ ಲೆಕ್ಕ ಇದು. ಅದಕ್ಕೇ ಕೋರ್ಟ್ ಆದೇಶಿಸಿತು: ಎಫ್‌ಐಆರ್ ಆದ ಒಂದು ತಿಂಗಳಲ್ಲಿ ವಾಹನ ಪತ್ತೆಯಾಗದಿದ್ದರೆ ಠಾಣಾಧಿಕಾರಿ ಈ ಯೋಜನೆಯ ಬಗ್ಗೆ ಮನೆಯವರಿಗೆ ಬರಹದಲ್ಲಿ ತಿಳಿಸಬೇಕು.

ಅರ್ಜಿಯನ್ನು ಒಂದನೇ ನಮೂನೆಯಲ್ಲಿ ತಾಲೂಕು ಅಥವಾ ಉಪವಿಭಾಗದ ಕಂದಾಯ ಅಧಿಕಾರಿಗೆ, ಅಂದರೆ ನಮ್ಮಲ್ಲಿ ತಹಶೀಲ್ದಾರರ ಅಥವಾ ಬೈಲಹೊಂಗಲದ ಉಪವಿಭಾಗಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿ ಕೊಡಬೇಕು. ಅವರ ವರದಿ ಜಿಲ್ಲಾಧಿಕಾರಿಗೆ ಹೋಗಿ ಮಂಜೂರಾಗುತ್ತದೆ. ಅಲ್ಲಿ ಕೇಳುವ ಮೊದಲ ಪ್ರಶ್ನೆ, ಸತ್ತದ್ದು ವಾಹನ ಬಡಿದೇ ಎಂಬುದಕ್ಕೆ ಆಧಾರವೇನು ಎಂದು. ಬೆಳಗಿನ ಜಾವ ರಸ್ತೆ ಬದಿ ಹೆಣ ಸಿಕ್ಕು, ಕುಡಿದು ಬಿದ್ದಿರಬಹುದೆಂದು ಬರೆದುಕೊಂಡ ಪ್ರಕರಣಗಳಲ್ಲಿ ಈ ಪ್ರಶ್ನೆಯ ಮುಂದೆ ಮನೆಯವರು ಸುಮ್ಮನಾಗುತ್ತಾರೆ. ನಂಬರು ಓದಲು ಬಾರದ, ಮಂಜು ಮಂಜಾದ ಡ್ಯಾಶ್‌ಕ್ಯಾಮ್ ವಿಡಿಯೊ ಕೂಡ ಇಲ್ಲಿ ಕೆಲಸಕ್ಕೆ ಬರುತ್ತದೆ. ಗಾಡಿಯೊಂದು ಬಡಿದು ಹೋದದ್ದು ಅದರಲ್ಲಿ ಕಾಣುತ್ತದಲ್ಲ, ಅಷ್ಟು ಸಾಕು. ನಂಬರು ಕಾಣುವುದಿಲ್ಲವೆಂದು ಕಾರ್ಡನ್ನು ಮನೆಯಲ್ಲಿಟ್ಟುಕೊಳ್ಳಬೇಡಿ, ಅದನ್ನೂ ಠಾಣೆಗೆ ಕೊಟ್ಟು ಗುನ್ನೆ ನಂಬರಿನ ಕಾಗದಗಳ ಜೊತೆ ಸೇರಿಸಲು ಹೇಳಿ.